ಮನೋವಿಜ್ಞಾನ: ಬಿ.ಎ. ಮಾಡಿಸಬೇಕೋ, ಬಿ.ಎಸ್ಸಿ. ಮಾಡಿಸಬೇಕೋ?

ಪ್ರಶ್ನೆ: ಮಗಳು ಈ ವರ್ಷ ಪಿಸಿಎಂಬಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು ಎಂಬುದು ಅವಳ ಆಸೆ. ನಮ್ಮೂರ ಸರ್ಕಾರಿ ಕಾಲೇಜಿನಲ್ಲಿ ಮನೋವಿಜ್ಞಾನ ಇರುವುದು ಬಿ.ಎ.ಯಲ್ಲಿ ಮಾತ್ರ. ಬಿ.ಎಸ್ಸಿ. ಬೇಕೆಂದರೆ ಸಾಲ ಮಾಡಿ ಬೆಂಗಳೂರಿನ ಖಾಸಗಿ ಕಾಲೇಜಿಗೆ ಸೇರಿಸಬೇಕು. "ಸೈನ್ಸ್ ಓದಿಸಿ ಈಗ ಬಿ.ಎ. ಮಾಡಿಸ್ತೀರಾ?" ಎಂದು ನೆಂಟರೆಲ್ಲ ಕೇಳುತ್ತಿದ್ದಾರೆ. ಬಿ.ಎ. ಮಾಡಿದರೆ ನಿಮ್ಹಾನ್ಸ್‌ನಂಥ ಕಡೆ ಸೀಟು ಸಿಗುವುದಿಲ್ಲವೇ? ಮುಂದೆ ವಿದೇಶಕ್ಕೆ ಹೋಗಲು ಬಿ.ಎಸ್ಸಿ. ಬೇಕೇ ಬೇಕೆ? ಅವಳ ಗೆಳತಿ ಪಿಯುಸಿಯಲ್ಲಿ ಕಲಾ ವಿಭಾಗದವಳು, ಅವಳಿಗೂ ಇದೇ ಆಸೆ. ಅವಳಿಗೆ ದಾರಿ ಇದೆಯೇ?
ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ನಿಮ್ಮ ಆತಂಕದ ವಿಷಯ. ಬಿ.ಎ. ಮಾಡಿದವರಿಗೆ ಕ್ಲಿನಿಕಲ್ ಸೈಕಾಲಜಿಯ ಬಾಗಿಲು ಮುಚ್ಚಿಲ್ಲ. ಇಷ್ಟು ವರ್ಷ ಆ ವೃತ್ತಿಗೆ ದಾರಿಯಾಗಿದ್ದ ಎಂ.ಫಿಲ್. ಕೋರ್ಸಿಗೆ ಕೇಳುತ್ತಿದ್ದದ್ದು ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮತ್ತು ಅದರಲ್ಲಿ ಶೇ. 55 ಅಂಕ. ಎರಡು ಸ್ನಾತಕೋತ್ತರ ಪದವಿಗಳ ನಡುವೆಯೇ ಭೇದವಿಲ್ಲದ ಮೇಲೆ, ಅದರ ಹಿಂದಿನ ಪದವಿಯ ಹೆಸರನ್ನು ಯಾರೂ ತೂಗಿ ನೋಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗ ನೋಡುವುದು ಸ್ನಾತಕೋತ್ತರ ಪದವಿ, ಅದರ ಮೇಲಿನ ಎರಡು ವರ್ಷದ ಪೂರ್ಣಾವಧಿ ತರಬೇತಿ ಮತ್ತು ಆ ತರಬೇತಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ಮಾನ್ಯತೆ ಇದೆಯೇ ಎಂಬುದನ್ನು.

ಹಾಗಾದರೆ ಬಿ.ಎ.ಗೂ ಬಿ.ಎಸ್ಸಿ.ಗೂ ವ್ಯತ್ಯಾಸವೇ ಇಲ್ಲವೇ ಎಂದರೆ, ಇದೆ. ಆದರೆ ನೆಂಟರು ಹೇಳುವ ಕಡೆ ಅದು ಇಲ್ಲ.

ವ್ಯತ್ಯಾಸ ಮೊದಲು ಕಾಣುವುದು ಪ್ರವೇಶದ ಅರ್ಹತೆಯಲ್ಲಿ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ.ಗೆ ಸಾಮಾನ್ಯವಾಗಿ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಯಾಕೆಂದರೆ ಮನೋವಿಜ್ಞಾನದ ಜೊತೆ ಓದಬೇಕಾದ ಪ್ರಾಣಿಶಾಸ್ತ್ರವೋ ರಸಾಯನಶಾಸ್ತ್ರವೋ ಪಿಯುಸಿಯ ಪಾಠದ ಮೇಲೆ ನಿಂತಿರುತ್ತದೆ. ಬಿ.ಎ.ಗೆ ಆ ಕಟ್ಟು ಇಲ್ಲ. ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗದವರೂ ಸೇರಬಹುದು, ಪಿಯುಸಿಯಲ್ಲಿ ಮನೋವಿಜ್ಞಾನ ಓದಿರಬೇಕೆಂದೂ ಇಲ್ಲ. ಅಂದರೆ ನಿಮ್ಮ ಮಗಳಿಗೆ ಎರಡೂ ಬಾಗಿಲು ತೆರೆದಿವೆ, ಅವಳ ಗೆಳತಿಗೆ ಒಂದು. ಕೆಲವು ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳು ಮನೋವಿಜ್ಞಾನವನ್ನೇ ಮುಖ್ಯ ವಿಷಯವಾಗಿಟ್ಟ ಬಿ.ಎಸ್ಸಿ.ಗೆ ಯಾವ ವಿಭಾಗದವರನ್ನಾದರೂ ತೆಗೆದುಕೊಳ್ಳುತ್ತವೆ. ಇಲ್ಲಿ ಒಂದು ಮಾತು ಗಮನಿಸಿ: ಕಲಾ ವಿಭಾಗದವರಿಗೂ ತೆರೆದಿರುವ ಬಿ.ಎಸ್ಸಿ.ಯಲ್ಲಿ ಕಾಲೇಜು ಜೀವವಿಜ್ಞಾನವನ್ನು ಆಳವಾಗಿ ಕಲಿಸುವುದು ಕಷ್ಟ. ಅಂಥ ಕಡೆ ಬಿ.ಎಸ್ಸಿ. ಎಂಬುದು ಬಹುಪಾಲು ಹೆಸರು.

ಎರಡನೆಯ ವ್ಯತ್ಯಾಸ ಜೊತೆ ವಿಷಯಗಳದು. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿದ್ದೇವೆ. ಬಿ.ಎ.ಯಲ್ಲಿ ಮನೋವಿಜ್ಞಾನದ ಜೊತೆ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಪತ್ರಿಕೋದ್ಯಮ ಇಂಥವು ಬರುತ್ತವೆ, ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಗಣಕವಿಜ್ಞಾನ ಇಂಥವು. ಕಾಲೇಜಿನಿಂದ ಕಾಲೇಜಿಗೆ ಕಾಂಬಿನೇಷನ್ ಬೇರೆ. ಮನೋವಿಜ್ಞಾನದ ಪತ್ರಿಕೆಗಳು ಮಾತ್ರ ಒಂದೇ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೂ ಬಿ.ಎಸ್ಸಿ.ಗೂ ಹೆಚ್ಚುಕಡಿಮೆ ಒಂದೇ ಇರುವುದುಂಟು. ಸಾಮಾನ್ಯ ಮನೋವಿಜ್ಞಾನ, ಬೆಳವಣಿಗೆ, ಸಾಮಾಜಿಕ ಮನೋವಿಜ್ಞಾನ, ಅಪಸಾಮಾನ್ಯ ಮನೋವಿಜ್ಞಾನ, ಸಂಶೋಧನಾ ವಿಧಾನ ಎಲ್ಲ ಎರಡೂ ಕಡೆ ಇರುತ್ತವೆ. ಪ್ರಾಯೋಗಿಕ ತರಗತಿ ಬಿ.ಎಸ್ಸಿ.ಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ, ಮನೋವಿಜ್ಞಾನಕ್ಕೆ ಬಿ.ಎ.ಯಲ್ಲೂ ಪ್ರಾಕ್ಟಿಕಲ್, ರೆಕಾರ್ಡ್ ಪುಸ್ತಕ, ಪರೀಕ್ಷೆ ಇರುತ್ತವೆ. ನಮ್ಮಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ದೇಶದ ಮೊದಲ ಮನೋವಿಜ್ಞಾನ ವಿಭಾಗ ಶುರುವಾದರೆ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ವಿಭಾಗ ಕಟ್ಟಿದರು. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂಬ ರೇಡಿಯೊ ಕೇಂದ್ರ ಆರಂಭಿಸಿದವರೂ ಅವರೇ.

ಇನ್ನು ನಿಜವಾಗಿ ಹೋಲಿಸುವುದು ಹೇಗೆ? ಎರಡೂ ಕಾಲೇಜುಗಳ ಪ್ರಾಸ್ಪೆಕ್ಟಸ್ ಬದಿಗಿಡಿ. ಆ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಅದರ ಜಾಲತಾಣದಿಂದ ಮನೋವಿಜ್ಞಾನದ ಪಠ್ಯಕ್ರಮ ಇಳಿಸಿಕೊಳ್ಳಿ. ಮೊದಲ ಪುಟಗಳಲ್ಲೇ ಒಂದು ಪಟ್ಟಿ ಇರುತ್ತದೆ: ಪ್ರತಿ ಸೆಮಿಸ್ಟರ್‌ಗೆ ಯಾವ ಪತ್ರಿಕೆ, ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಪ್ರಾಯೋಗಿಕ, ಆಂತರಿಕ ಅಂಕ, ಪರೀಕ್ಷೆಯ ಅಂಕ, ಕ್ರೆಡಿಟ್. ಅದರಲ್ಲಿ ಮನೋವಿಜ್ಞಾನದ ಕ್ರೆಡಿಟ್‌ಗಳನ್ನಷ್ಟೇ ಕೂಡಿಸಿ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಲೆಕ್ಕದಲ್ಲಿ ಪಾಠದ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ, ಪ್ರಾಯೋಗಿಕದ ಒಂದು ಕ್ರೆಡಿಟ್ ಎಂದರೆ 30 ಗಂಟೆ. ಉದಾಹರಣೆಗೆ ಪ್ರತಿ ಸೆಮಿಸ್ಟರಿಗೆ ನಾಲ್ಕು ಕ್ರೆಡಿಟ್ ಪಾಠ, ಎರಡು ಕ್ರೆಡಿಟ್ ಪ್ರಾಯೋಗಿಕ ಇದೆ ಎಂದುಕೊಳ್ಳಿ. ಆರು ಸೆಮಿಸ್ಟರಿಗೆ 36 ಕ್ರೆಡಿಟ್. ಅದರಲ್ಲಿ 360 ಗಂಟೆ ಪಾಠ, 360 ಗಂಟೆ ಪ್ರಯೋಗ. ಇದನ್ನು ಒಂದೇ ಮುಖ್ಯ ವಿಷಯದ ಆನರ್ಸ್ ಪದವಿಯ ಪಕ್ಕದಲ್ಲಿಟ್ಟು ನೋಡಿ. 2022ರ ಕೊನೆಗೆ ಬಂದ ಯುಜಿಸಿ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ ಒಟ್ಟು 120 ಕ್ರೆಡಿಟ್, ಅದರಲ್ಲಿ ಮುಖ್ಯ ವಿಷಯಕ್ಕೆ ಕನಿಷ್ಠ 60. ನಾಲ್ಕು ವರ್ಷಕ್ಕೆ ಒಟ್ಟು 160, ಮುಖ್ಯ ವಿಷಯಕ್ಕೆ ಕನಿಷ್ಠ 80.

ಈಗ ದೆಹಲಿ ವಿಶ್ವವಿದ್ಯಾಲಯದ ಉದಾಹರಣೆ ನೋಡಿ. ಅಲ್ಲಿ ಪದವಿ ಮಟ್ಟದಲ್ಲಿ ಮನೋವಿಜ್ಞಾನಕ್ಕೆ ಕೊಡುವುದು ಬಿ.ಎ. ಆನರ್ಸ್. ಮೂರು ವಿಷಯದ ಬಿ.ಎಸ್ಸಿ. ಮಾಡಿದವರಿಗಿಂತ ಆ ಬಿ.ಎ.ಯವರು ಓದಿರುವ ಮನೋವಿಜ್ಞಾನವೇ ಹೆಚ್ಚು. ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶದ ಸಿಯುಇಟಿ ಪರೀಕ್ಷೆಯಲ್ಲಿ ನಿಮ್ಮ ಮಗಳು ಪೈಪೋಟಿಗಿಳಿಯುವುದು ಅಂಥವರ ಜೊತೆಗೆ. ಹಾಗಾಗಿ ಮೂರು ವಿಷಯದ ಪದವಿ ಹಿಡಿದರೆ, ಅದು ಬಿ.ಎ. ಆಗಲಿ ಬಿ.ಎಸ್ಸಿ. ಆಗಲಿ, ಕಡಿಮೆ ಬೀಳುವ ಪತ್ರಿಕೆಗಳನ್ನು ಮೊದಲ ವರ್ಷದಿಂದಲೇ ತಾನಾಗಿ ಓದಿಕೊಳ್ಳಬೇಕು. ಸಾಮಾನ್ಯವಾಗಿ ಕಡಿಮೆ ಬೀಳುವುದು ಮನೋಮಾಪನ, ಜೈವಿಕ ಮನೋವಿಜ್ಞಾನ ಮತ್ತು ಸಂಖ್ಯಾಶಾಸ್ತ್ರ.

ಸಂಖ್ಯಾಶಾಸ್ತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೋವಿಜ್ಞಾನದ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಪದವಿಯ ಪಠ್ಯಕ್ರಮದಲ್ಲಿ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಸಹಸಂಬಂಧ, ಟಿ-ಪರೀಕ್ಷೆ ಇಷ್ಟು ಇರುತ್ತದೆ. ಹಲವರು ಸೂತ್ರ ಬಾಯಿಪಾಠ ಮಾಡಿ, ಒಂದೇ ಬಗೆಯ ಲೆಕ್ಕ ಬಿಡಿಸಿ ಪಾಸಾಗುತ್ತಾರೆ. ಎಂ.ಎ.ಗೆ ಹೋದ ಮೇಲೆ ಅನೋವಾ, ರಿಗ್ರೆಷನ್‌ನಂಥ ಮುಂದಿನ ಹಂತದ ಲೆಕ್ಕಗಳು ಎದುರಾದಾಗ ತಳಪಾಯವೇ ಇಲ್ಲ ಎಂಬುದು ಗೊತ್ತಾಗುತ್ತದೆ. ಗಣಿತ ಓದಿದ ನಿಮ್ಮ ಮಗಳಿಗೆ ಇದರಲ್ಲಿ ಮುನ್ನಡೆ ಇದೆ; ಬಿ.ಎ. ಸೇರಿದರೂ ಅದು ಎಲ್ಲಿಗೂ ಹೋಗುವುದಿಲ್ಲ. ಜಮೋವಿ ಅಥವಾ ಆರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ತರಗತಿಯಲ್ಲಿ ಮಾಡಿದ ಪ್ರತಿ ಪ್ರಯೋಗದ ಅಂಕಿಗಳನ್ನು ಒಮ್ಮೆ ಕೈಯಲ್ಲಿ, ಒಮ್ಮೆ ತಂತ್ರಾಂಶದಲ್ಲಿ ಲೆಕ್ಕ ಹಾಕಿದರೆ ಎರಡು ವರ್ಷದಲ್ಲಿ ಹಿಡಿತ ಬರುತ್ತದೆ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ 'ಸ್ವಯಂ' ತಾಣದಲ್ಲಿ ಇದರ ಪಾಠಗಳು ಉಚಿತವಾಗಿ ಸಿಗುತ್ತವೆ.

ಪ್ರಯೋಗಾಲಯದ ಗುಣಮಟ್ಟ ಕಾಲೇಜಿನಿಂದ ಕಾಲೇಜಿಗೆ ಎಷ್ಟು ಬೇರೆಯಾಗುತ್ತದೆ ಎಂಬುದಕ್ಕೆ ಒಂದೇ ಪ್ರಯೋಗ ಸಾಕು. ಎಲ್ಲ ಕಡೆಯೂ ಮಾಡಿಸುವ ಮುಲ್ಲರ್-ಲಯರ್ ಭ್ರಮೆಯ ಪ್ರಯೋಗ ತೆಗೆದುಕೊಳ್ಳಿ. ಒಂದು ಹಲಗೆಯಲ್ಲಿ ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ತಲೆ, ಇನ್ನೊಂದರ ತುದಿಗಳಲ್ಲಿ ಹೊರಕ್ಕೆ ತೆರೆದ ಗರಿ. ಬಾಣದ ಗೆರೆಯ ಉದ್ದ ಬದಲಾಗುವುದಿಲ್ಲ. ಗರಿಯ ಗೆರೆಯನ್ನು ಜಾರಿಸಿ ಉದ್ದ ಗಿಡ್ಡ ಮಾಡಬಹುದು. ಎರಡೂ ಸಮ ಎಂದು ತೋರುವಲ್ಲಿ ನಿಲ್ಲಿಸಲು ಎದುರು ಕೂತವರಿಗೆ ಹೇಳಬೇಕು. ಗರಿಯ ಗೆರೆ ಇರುವುದಕ್ಕಿಂತ ಉದ್ದ ಕಾಣುವುದರಿಂದ ಅವರು ಅದನ್ನು ಗಿಡ್ಡ ಮಾಡಿ ನಿಲ್ಲಿಸುತ್ತಾರೆ. ಹಿಂಬದಿಯ ಅಳತೆಪಟ್ಟಿಯಲ್ಲಿ ಎಷ್ಟು ಮಿಲಿಮೀಟರ್ ಕಡಿಮೆ ಎಂದು ಪ್ರಯೋಗ ಮಾಡಿಸುವವರು ಓದಿಕೊಳ್ಳಬೇಕು. ಅರ್ಧ ಸಲ ಗೆರೆಯನ್ನು ತೀರಾ ಉದ್ದ ಇಟ್ಟು ಒಳಕ್ಕೆ ತರಿಸಬೇಕು, ಅರ್ಧ ಸಲ ತೀರಾ ಗಿಡ್ಡ ಇಟ್ಟು ಹೊರಕ್ಕೆ ಎಳೆಸಬೇಕು. ಇಲ್ಲದಿದ್ದರೆ ಕೈ ಚಲಿಸುವ ದಿಕ್ಕಿನ ದೋಷ ಭ್ರಮೆಯ ಲೆಕ್ಕಕ್ಕೆ ಸೇರುತ್ತದೆ. ಹಾಗೆಯೇ ಅರ್ಧ ಸಲ ಗರಿಯ ಗೆರೆ ಎಡಕ್ಕೆ, ಅರ್ಧ ಸಲ ಬಲಕ್ಕೆ. ಹೀಗೆ ನಾಲ್ಕು ಸ್ಥಿತಿ, ಒಂದೊಂದಕ್ಕೂ ಹಲವು ಸಲ. ನಡುವೆ "ಸರಿ", "ಇನ್ನೂ ಸ್ವಲ್ಪ" ಎಂದು ಬಾಯಿ ಬಿಟ್ಟರೆ ಕೆಟ್ಟಿತು. ಎದುರಿನವರು ಅಳತೆಪಟ್ಟಿ ನೋಡಿದರೂ ಕೆಟ್ಟಿತು.

ಇದನ್ನು ಸರಿಯಾಗಿ ಮಾಡಿಸುವ ಕಾಲೇಜಿನಲ್ಲಿ ಕಲಿತವರಿಗೆ ನಿಯಂತ್ರಣ, ದೋಷ, ಸೂಚನೆ ಎಂದರೇನು ಎಂಬುದು ಕೈಗೆ ಹತ್ತುತ್ತದೆ. ಹಲವು ಕಡೆ ಆಗುವುದು ಬೇರೆ: ಒಂದು ಹಲಗೆಗೆ ಮೂವತ್ತು ಮಕ್ಕಳು, ಹಿಂದಿನ ವರ್ಷದ ರೆಕಾರ್ಡ್ ನೋಡಿ ಅಂಕಿ ಬರೆದುಕೊಳ್ಳುವುದು, ಮೇಷ್ಟರು ಸಹಿ ಹಾಕುವುದು. ಕಟ್ಟಿದ ಅಂಕಿಗಳು ಒಂದಕ್ಕೊಂದು ಅತಿ ಹತ್ತಿರ ಇರುತ್ತವೆ, ನಿಜವಾದ ಮನುಷ್ಯರು ಹಾಗೆ ಚದುರದೆ ನಿಲ್ಲುವುದಿಲ್ಲ. ಅನುಭವಿ ಪರೀಕ್ಷಕರಿಗೆ ಮಾನಕ ವಿಚಲನೆ ನೋಡಿದರೇ ತಿಳಿಯುತ್ತದೆ. ಈ ರೋಗ ಬಿ.ಎ.ಯಲ್ಲೂ ಇದೆ, ಬಿ.ಎಸ್ಸಿ.ಯಲ್ಲೂ ಇದೆ, ಸರ್ಕಾರಿ ಕಾಲೇಜಿನಲ್ಲೂ ಲಕ್ಷಗಟ್ಟಲೆ ಶುಲ್ಕದ ಕಾಲೇಜಿನಲ್ಲೂ ಇದೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಒಂದು ದಿನ ಕಾಲೇಜಿಗೆ ಹೋಗಿ. ಲ್ಯಾಬ್ ತೋರಿಸಿ ಎಂದು ಕೇಳಿ. ಒಂದು ಬ್ಯಾಚಿಗೆ ಎಷ್ಟು ಜನ, ಮನೋವಿಜ್ಞಾನಕ್ಕೆ ಕಾಯಂ ಅಧ್ಯಾಪಕರು ಎಷ್ಟು, ಕೊನೆಯ ವರ್ಷ ಪ್ರಾಜೆಕ್ಟ್ ಇದೆಯೇ ಎಂದು ವಿಚಾರಿಸಿ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅಂಕಿಗಳು ಒಂದೇ ಆಗಿದ್ದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಬಿ.ಎಸ್ಸಿ. ನಿಜಕ್ಕೂ ಬೇಕಾಗುವ ಸಂದರ್ಭಗಳೂ ಇವೆ. ಮಗಳ ಒಲವು ಮಿದುಳು, ನರವಿಜ್ಞಾನ, ಔಷಧಗಳ ಪರಿಣಾಮದ ಕಡೆಗಿದ್ದರೆ ಜೀವವಿಜ್ಞಾನದ ಜೊತೆಗಿನ ಬಿ.ಎಸ್ಸಿ.ಯೇ ಸರಿ, ನರವಿಜ್ಞಾನದ ಸ್ನಾತಕೋತ್ತರ ಕೋರ್ಸುಗಳು ಹೆಚ್ಚಾಗಿ ಕೇಳುವುದು ವಿಜ್ಞಾನ ಪದವಿಯನ್ನು. ಮುಂದೆ ಮನಸ್ಸು ಬದಲಾಗಿ ಪ್ರಾಣಿಶಾಸ್ತ್ರದಲ್ಲೋ ಸಂಖ್ಯಾಶಾಸ್ತ್ರದಲ್ಲೋ ಎಂ.ಎಸ್ಸಿ. ಮಾಡುವ ಅವಕಾಶವೂ ಉಳಿದಿರುತ್ತದೆ. ಶಾಲಾ ಶಿಕ್ಷಕಿಯಾಗುವ ಯೋಚನೆ ಸ್ವಲ್ಪವಾದರೂ ಇದ್ದರೆ ಜೊತೆ ವಿಷಯಗಳನ್ನು ಇನ್ನಷ್ಟು ಎಚ್ಚರದಿಂದ ಆರಿಸಬೇಕು. ನಮ್ಮ ಪ್ರೌಢಶಾಲೆಗಳಲ್ಲಿ ಮನೋವಿಜ್ಞಾನ ಬೋಧನಾ ವಿಷಯವಲ್ಲ, ಬಿ.ಇಡಿ. ಮಾಡಿದ ಮೇಲೆ ಕೆಲಸ ಕೊಡುವುದು ಉಳಿದ ಎರಡು ವಿಷಯಗಳೇ. ಬ್ಯಾಂಕ್, ಕೆಎಎಸ್, ಮಾನವ ಸಂಪನ್ಮೂಲ ವಿಭಾಗದ ಕೆಲಸಗಳಿಗೆ ಯಾವ ಪದವಿಯಾದರೂ ಆದೀತು.

ಈಗ ಆರ್‌ಸಿಐ ವಿಷಯ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಇಲ್ಲಿ. ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದೆ, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗೆ ಮಾತ್ರ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತ್ತು. ಅದರ ಜಾಗಕ್ಕೆ ಆರ್‌ಸಿಐ ಹೊಸ ಕೋರ್ಸುಗಳನ್ನು ತಂದಿದೆ: ನಾಲ್ಕು ವರ್ಷದ ಬಿ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ ಆನರ್ಸ್, ಎಂ.ಎ. ಕ್ಲಿನಿಕಲ್ ಸೈಕಾಲಜಿ ಮತ್ತು ಸೈ.ಡಿ. ಎಂಬ ಡಾಕ್ಟರೇಟ್. ಹೀಗಾಗಿ 'ಬಿ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ' ಎಂಬ ಹೆಸರಿಗೆ ಈಗ ಬೇಡಿಕೆ ಬಂದಿದೆ, ಅದೇ ಹೆಸರನ್ನೋ ಅದಕ್ಕೆ ಹತ್ತಿರದ ಹೆಸರನ್ನೋ ಹಾಕಿಕೊಂಡು ಮಾನ್ಯತೆ ಇಲ್ಲದೆಯೂ ಕೋರ್ಸ್ ನಡೆಸುವುದು ಸಾಧ್ಯ. ಕಾಲೇಜಿನವರು "ನಮ್ಮದು ಯುಜಿಸಿ ಮಾನ್ಯತೆ" ಎಂದರೆ ಅದು ಬೇರೆ ಮಾತು; ಆರ್‌ಸಿಐ ಮಾನ್ಯತೆ ಕೋರ್ಸಿಗೆ, ಸಂಸ್ಥೆಗೆ, ಅವಧಿಗೆ ಪ್ರತ್ಯೇಕವಾಗಿ ಸಿಗುವಂಥದ್ದು. ಆರ್‌ಸಿಐ ಜಾಲತಾಣದ ಮಾನ್ಯ ಸಂಸ್ಥೆಗಳ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರು, ಆ ಕೋರ್ಸು, ಈ ವರ್ಷ, ಎಷ್ಟು ಸೀಟು ಎಂಬ ನಾಲ್ಕೂ ಸಿಗಬೇಕು. ಸಿಗದಿದ್ದರೆ ಅದು ಒಂದು ಸಾಮಾನ್ಯ ಮನೋವಿಜ್ಞಾನ ಪದವಿ, ಅಷ್ಟೇ. ಆರ್‌ಸಿಐ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ನಡೆಸುವುದು 1992ರ ಕಾಯ್ದೆಯಡಿ ಅಪರಾಧ. ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಅಥವಾ ಎರಡೂ. ನಿಯಮಗಳು ಹೀಗೆ ಬದಲಾಗುವ ಹೊತ್ತಿನಲ್ಲಿ ಮಗಳು ಪ್ರತಿ ವರ್ಷ ಒಮ್ಮೆಯಾದರೂ ಆರ್‌ಸಿಐ ಅಧಿಸೂಚನೆಗಳನ್ನು ತಾನೇ ಓದಬೇಕು, ಯಾರೋ ಹೇಳಿದ್ದನ್ನು ನಂಬಿ ಕೂರಬಾರದು.

ದೂರಶಿಕ್ಷಣದ ಮಾತು ನೀವು ಎತ್ತಿಲ್ಲ, ಆದರೂ ಹೇಳಬೇಕು, ಯಾಕೆಂದರೆ "ಊರಲ್ಲೇ ಇದ್ದು ಅಂಚೆ ಮೂಲಕ ಮಾಡಿಸಿ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡಬಾರದು ಎಂದು ಯುಜಿಸಿ ಆದೇಶಿಸಿದೆ. ಮೂರು ವಿಷಯದ ಬಿ.ಎ.ಯಲ್ಲಿ ಮನೋವಿಜ್ಞಾನ ಒಂದು ವಿಷಯವಾಗಿದ್ದರೆ ಆ ವಿಷಯವನ್ನಷ್ಟೇ ಕೈಬಿಡಬೇಕು. ಈಗ ಯಾರಾದರೂ ಅಂಥ ಸೀಟು ಕೊಡುತ್ತೇವೆಂದರೆ ಹಣ ಕೊಡಬೇಡಿ.

ವಿದೇಶದ ಪ್ರಶ್ನೆಗೆ ಬರೋಣ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಪ್ರಾಯೋಗಿಕ ಮನೋವಿಜ್ಞಾನಕ್ಕೆ ಕೊಡುವ ಪದವಿ ಬಿ.ಎ., ಕೇಂಬ್ರಿಡ್ಜ್‌ನದೂ ಬಿ.ಎ. ಅಲ್ಲಿ ಸೈಕಾಲಜಿಸ್ಟ್ ಆಗುವವರಿಗೆ ಮುಖ್ಯವಾಗುವುದು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ. ಹೊರಗಿನ ಪದವಿ ತಂದವರು ಓದಿದ ಪತ್ರಿಕೆಗಳ ವಿವರ ಕೊಟ್ಟು ಮೌಲ್ಯಮಾಪನ ಮಾಡಿಸಿಕೊಳ್ಳುತ್ತಾರೆ, ಸಾಲದಿದ್ದರೆ ಆ ಕೊರತೆ ತುಂಬುವ, ಮಾನ್ಯತೆ ಪಡೆದ ಪರಿವರ್ತನಾ (ಕನ್ವರ್ಷನ್) ಎಂ.ಎಸ್ಸಿ. ಮಾಡುತ್ತಾರೆ.

ಅಮೆರಿಕದಲ್ಲಿ ಎರಡು ಪದವಿಗಳ ನಡುವಿನ ಗೆರೆ ಇಲ್ಲಿಗಿಂತ ಸ್ಪಷ್ಟ. ಸುಮಾರು 120 ಕ್ರೆಡಿಟ್‌ಗಳ ಪದವಿಯಲ್ಲಿ ಮನೋವಿಜ್ಞಾನದ ಪಾಲು ಎರಡರಲ್ಲೂ ಹತ್ತಿರಹತ್ತಿರ. ಉಳಿದ ಜಾಗದಲ್ಲಿ ಬಿ.ಎ.ಯವರು ಒಂದು ವಿದೇಶಿ ಭಾಷೆ ಮತ್ತು ಮಾನವಿಕ ವಿಷಯಗಳನ್ನು ಹೆಚ್ಚಾಗಿ ಓದಿದರೆ, ಬಿ.ಎಸ್.ನವರು ಕ್ಯಾಲ್ಕುಲಸ್, ಜೀವವಿಜ್ಞಾನ, ರಸಾಯನಶಾಸ್ತ್ರ, ಲ್ಯಾಬ್ ಓದುತ್ತಾರೆ. ಆದರೂ ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ಪದ್ಧತಿ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದೇ ಎರಡು ಕ್ಯಾಂಪಸ್ ನೋಡಿದರೆ ಬರ್ಕ್‌ಲಿಯಲ್ಲಿ ಮನೋವಿಜ್ಞಾನಕ್ಕೆ ಬಿ.ಎ., ಸ್ಯಾನ್ ಡಿಯೇಗೊದಲ್ಲಿ ಎರಡೂ ಇವೆ. ಓದು ಮುಗಿದ ಮೇಲೆ ಅಲ್ಲಿ ಕೆಲಸದ ಅನುಭವಕ್ಕೆ ಸಿಗುವ 24 ತಿಂಗಳ ಹೆಚ್ಚುವರಿ ಅವಧಿಯೂ ನಿಲ್ಲುವುದು ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ನಮೂದಾಗಿರುವ ಕೋರ್ಸಿನ ಸಂಕೇತ ಸಂಖ್ಯೆಯ ಮೇಲೆ. ಸಂಶೋಧನಾ ಮತ್ತು ಪ್ರಾಯೋಗಿಕ ಮನೋವಿಜ್ಞಾನದ 42.27 ಗುಂಪಿನ ಸಂಕೇತಗಳು ಆ ಅವಧಿ ಸಿಗುವ ಕೋರ್ಸುಗಳ ಪಟ್ಟಿಯಲ್ಲಿವೆ. ಇಲ್ಲಿಂದ ಸ್ನಾತಕೋತ್ತರ ಓದಿಗೆ ಅಲ್ಲಿಗೆ ಹೋಗುವವರಿಗೆ ತೊಡಕಾಗುವುದು ಬಿ.ಎ. ಎಂಬುದಲ್ಲ, ಮೂರು ವರ್ಷ ಎಂಬುದು. ಹಲವು ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ. ಆಗ ಮೂರು ವರ್ಷದ ಪದವಿಯ ಮೇಲೆ ಇಲ್ಲಿಯೇ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿ ಹೋಗುವುದು ಸಲೀಸು.

ನಿಮ್ಮ ಮನೆಯ ಲೆಕ್ಕಕ್ಕೆ ನಮ್ಮ ಅಭಿಪ್ರಾಯ ಇದು. ಊರಿನ ಸರ್ಕಾರಿ ಕಾಲೇಜಿನಲ್ಲಿ ಮನೋವಿಜ್ಞಾನಕ್ಕೆ ಕಾಯಂ ಅಧ್ಯಾಪಕರಿದ್ದು, ಲ್ಯಾಬ್ ನಡೆಯುತ್ತಿದ್ದರೆ ಬಿ.ಎ.ಗೆ ಸೇರಿಸಿ, ಸಾಲದ ಹಣವನ್ನು ಎಂ.ಎಸ್ಸಿ.ಗೂ ಅದರ ಮೇಲಿನ ಕ್ಲಿನಿಕಲ್ ತರಬೇತಿಗೂ ಉಳಿಸಿ. ವೃತ್ತಿ ನಿರ್ಧಾರವಾಗುವುದು ಅಲ್ಲಿ, ಆ ಎರಡು ಹಂತದಲ್ಲೇ ಖರ್ಚೂ ಹೆಚ್ಚು. ಅಧ್ಯಾಪಕರೇ ಇಲ್ಲ, ಲ್ಯಾಬಿಗೆ ಬೀಗ ಎಂದಾದರೆ ಬೇರೆ ಕಾಲೇಜು ನೋಡಲೇಬೇಕು. ಆಗಲೂ ಬೆಂಗಳೂರಿನ ದುಬಾರಿ ಕಾಲೇಜಿಗೆ ಮೊದಲು ಮೈಸೂರು, ಧಾರವಾಡ, ಮಂಗಳೂರು ಕಡೆಯ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳನ್ನು ವಿಚಾರಿಸಿ. ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಅರ್ಜಿಯನ್ನು ರಾಜ್ಯ ಸರ್ಕಾರದ ಯುಯುಸಿಎಂಎಸ್ ತಾಣದಲ್ಲಿ ಹಾಕಬೇಕು. ಅಲ್ಲಿ ಕಾಂಬಿನೇಷನ್ ಆರಿಸುವಾಗ ಮನೋವಿಜ್ಞಾನ ಮುಖ್ಯ ವಿಷಯವಾಗಿ ಬಂದಿದೆಯೇ, ಒಂದೆರಡು ಸೆಮಿಸ್ಟರಿನ ಐಚ್ಛಿಕ ಪತ್ರಿಕೆಯಾಗಿ ಬಂದಿದೆಯೇ ಎಂದು ಎರಡು ಸಲ ನೋಡಿ. ಐಚ್ಛಿಕ ಪತ್ರಿಕೆಯ ಬಲದ ಮೇಲೆ ಎಂ.ಎ. ಮನೋವಿಜ್ಞಾನದ ಅರ್ಹತೆ ಸಿಗುವುದು ಕಷ್ಟ.

ಗೆಳತಿಗೆ ಬಿ.ಎ. ದಾರಿ ನೇರವಾಗಿದೆ. ಅವಳು ಮೊದಲ ವರ್ಷವೇ ಎರಡು ಕೊರತೆ ತುಂಬಿಕೊಳ್ಳಬೇಕು. ಒಂದು, ನರಕೋಶ, ಮಿದುಳಿನ ಭಾಗಗಳು, ನಿರ್ನಾಳ ಗ್ರಂಥಿಗಳು; ಪಿಯುಸಿ ಜೀವಶಾಸ್ತ್ರ ಪುಸ್ತಕದ ಆ ಅಧ್ಯಾಯಗಳನ್ನು ನಿಮ್ಮ ಮಗಳಿಂದಲೇ ಹೇಳಿಸಿಕೊಳ್ಳಬಹುದು. ಇನ್ನೊಂದು, ಹತ್ತನೇ ತರಗತಿಯ ಗಣಿತದ ಮರು ಓದು, ಮುಖ್ಯವಾಗಿ ಸಂಖ್ಯಾಶಾಸ್ತ್ರ, ಸಂಭವನೀಯತೆ. ಕನ್ನಡ ಮಾಧ್ಯಮದಲ್ಲಿ ಓದುವುದಾದರೆ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡು ಹೋಗಲಿ, ಯಾಕೆಂದರೆ ಸಿಯುಇಟಿ-ಪಿಜಿ ಆಗಲಿ, ಅಧ್ಯಾಪಕರ ಅರ್ಹತೆಯ ಯುಜಿಸಿ-ನೆಟ್ ಆಗಲಿ ಮನೋವಿಜ್ಞಾನದ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುವುದಿಲ್ಲ. ಕನ್ನಡ ಗಟ್ಟಿಯಾಗಿರುವುದು ಮುಂದೆ ಆಸ್ಪತ್ರೆಯಲ್ಲಿ ದೊಡ್ಡ ಬಲ. ಹಳ್ಳಿಯಿಂದ ಬಂದ ತಾಯಿ "ಎದೆಯೆಲ್ಲಾ ಉರಿ, ಯಾವುದಕ್ಕೂ ಮನಸ್ಸಾಗಲ್ಲ" ಎಂದಾಗ ಅದು ಹೊಟ್ಟೆಯ ಉರಿಯೋ, ಖಿನ್ನತೆಯೋ, ಮನೆಯ ಕಷ್ಟವೋ ಎಂದು ಕೇಳಿ ಬಿಡಿಸಲು ಆ ಮಾತಿನಲ್ಲೇ ಬೆಳೆದವರು ಬೇಕು.

ಇಬ್ಬರೂ ಸೇರಿದ ದಿನದಿಂದಲೇ ಕಾಗದ ಪತ್ರ ಜೋಪಾನ ಮಾಡಲಿ. ತಾವು ಓದಿದ ವರ್ಷದ ಪೂರ್ತಿ ಪಠ್ಯಕ್ರಮ, ಪ್ರಾಯೋಗಿಕ ಗಂಟೆಗಳ ವಿವರ ಸಹಿತ, ಒಂದು ಪ್ರತಿ ಮುದ್ರಿಸಿ ಇಟ್ಟುಕೊಳ್ಳಬೇಕು. ವಿಶ್ವವಿದ್ಯಾಲಯ ಪಠ್ಯಕ್ರಮ ಬದಲಿಸಿದ ಮೇಲೆ ಹಳೆಯದು ಜಾಲತಾಣದಲ್ಲಿ ಸಿಗುವುದಿಲ್ಲ. ಪದವಿ ಮುಗಿದ ವರ್ಷವೇ ಅದಕ್ಕೆ ಕಾಲೇಜಿನ ಮೊಹರು, ಪ್ರಾಂಶುಪಾಲರ ಸಹಿ ಹಾಕಿಸಿಕೊಂಡು, ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿಡುವುದು ಒಳ್ಳೆಯದು. ಹೊರದೇಶದ ಮೌಲ್ಯಮಾಪಕರು ಎಷ್ಟು ಗಂಟೆ ಸಂಖ್ಯಾಶಾಸ್ತ್ರ ಓದಿದ್ದೀರಿ, ಎಷ್ಟು ಗಂಟೆ ಲ್ಯಾಬ್ ಮಾಡಿದ್ದೀರಿ ಎಂದು ಕೇಳಿದಾಗ ತೋರಿಸಬೇಕಾದ್ದು ಇವೇ ಕಾಗದಗಳನ್ನು.